ಪಿಕಪ್‌ನ ಎಂಜಿನ್ ಆಯಿಲ್ ಎಷ್ಟು ದಿನಕ್ಕೆ ಬದಲಿಸಬೇಕು? ಕಿಲೋಮೀಟರಿನ ಜೊತೆ ಡೀಸೆಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಟೊಮೆಟೊ ಸುಗ್ಗಿಯ ದಿನಗಳಲ್ಲಿ ಬೆಳಗಿನ ಜಾವ ಕೋಲಾರದ ಎಪಿಎಂಸಿ ಮಾರುಕಟ್ಟೆಯ ಕಡೆ ಹೋದವರಿಗೆ, ಗೇಟಿನಿಂದಾಚೆ ಸಾಲುಗಟ್ಟಿ ನಿಂತ ಪಿಕಪ್‌ಗಳ ಸದ್ದು ದೂರದಿಂದಲೇ ಕೇಳಿಸುತ್ತದೆ. ಒಂದೊಂದರ ಮೇಲೂ ಹದಿನೈದು ಕೆ.ಜಿ. ಹಣ್ಣು ಹಿಡಿಯುವ ಕ್ರೇಟುಗಳು ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸಿರುತ್ತವೆ. ಸಾಲು ನಾಲ್ಕು ಮಾರು ಮುಂದೆ ಸರಿಯುತ್ತದೆ, ಮತ್ತೆ ನಿಲ್ಲುತ್ತದೆ, ಜಾಗ ತಪ್ಪೀತೆಂದು ಚಾಲಕರು ಎಂಜಿನ್ ಆರಿಸುವುದಿಲ್ಲ. ಹೀಗೆ ಒಂದು ಗಂಟೆ ಕಳೆದರೂ ಮೀಟರಿನಲ್ಲಿ ಅರ್ಧ ಕಿಲೋಮೀಟರ್ ಕೂಡ ಏರಿರುವುದಿಲ್ಲ, ಆದರೆ ಎಂಜಿನ್ ಗಂಟೆ ಪೂರ್ತಿ ತಿರುಗಿರುತ್ತದೆ. ಅದೇ ಹೊತ್ತಿಗೆ ಅದೇ ಮಾದರಿಯ ಇನ್ನೊಂದು ಪಿಕಪ್ ಹಗುರವಾದ ಪಾರ್ಸೆಲ್‌ಗಳನ್ನು ಹಾಕಿಕೊಂಡು 75ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಕೋಲಾರದಿಂದ ಬೆಂಗಳೂರಿನ ಹತ್ತಿರಕ್ಕೆ ಬಂದಿರುತ್ತದೆ. ಈ ಎರಡೂ ಗಾಡಿಗಳಿಗೆ ಒಂದೇ ಕಿಲೋಮೀಟರಿಗೆ ಆಯಿಲ್ ಬದಲಿಸಿ ಎಂದು ಹೇಳಿದರೆ ಒಬ್ಬ ಮಾಲೀಕರ ದುಡ್ಡು ದಂಡವಾಗುತ್ತದೆ, ಇನ್ನೊಬ್ಬರ ಎಂಜಿನ್ ಹಾಳಾಗುತ್ತದೆ.

ಆದರೂ ಈ ಪ್ರಶ್ನೆಗೆ ನಮಗೆ ಸಿಗುವ ಉತ್ತರಗಳೆಲ್ಲ ಒಂದೇ ಅಂಕಿಯ ರೂಪದಲ್ಲಿರುತ್ತವೆ. ಗ್ಯಾರೇಜಿನವರು ಐದು ಸಾವಿರಕ್ಕೆ ಬದಲಿಸಿ ಎನ್ನುತ್ತಾರೆ. ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಮಾದರಿಗೆ ತಕ್ಕಂತೆ ಹತ್ತು ಸಾವಿರ ಎಂದೋ, ಅದಕ್ಕಿಂತ ಹೆಚ್ಚೆಂದೋ ಬರೆದಿರುತ್ತದೆ. ಆಯಿಲ್ ಡಬ್ಬದ ಮೇಲಿನ ಜಾಹೀರಾತು ಇನ್ನೂ ದೂರದ ಭರವಸೆ ಕೊಡುತ್ತದೆ. ಕೈಪಿಡಿಯ ಅಂಕಿಯೇ ನಂಬಲು ಯೋಗ್ಯವಾದದ್ದು, ಆದರೆ ಆ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇರುತ್ತದೆ: ಧೂಳಿನ ರಸ್ತೆ, ಅತಿಭಾರ, ಘಟ್ಟದ ದಾರಿ, ಹೆಚ್ಚು ಹೊತ್ತು ನಿಂತಲ್ಲೇ ಓಡುವ ಎಂಜಿನ್, ಪದೇ ಪದೇ ಸಣ್ಣ ಓಡಾಟ, ಇಂಥ ಬಳಕೆಯಿದ್ದರೆ ಅವಧಿಯನ್ನು ಕಡಿಮೆ ಮಾಡಿಕೊಳ್ಳಬೇಕು. ಕಂಪನಿಯವರು ಕಠಿಣ ಬಳಕೆ ಎಂದು ಕರೆಯುವುದು ನಮ್ಮ ಊರುಗಳ ಪಿಕಪ್‌ಗಳ ಪಾಲಿಗೆ ದಿನನಿತ್ಯದ ಬಳಕೆ. ಹಾಗಾದರೆ ಎಷ್ಟು ಕಡಿಮೆ ಮಾಡಬೇಕು ಎಂಬುದನ್ನು ತಿಳಿಯಲು, ಎಂಜಿನ್ನಿನೊಳಗೆ ಆಯಿಲ್ ಹೇಗೆ ಕೆಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಪಿಸ್ಟನ್ನುಗಳ ಏರಿಳಿತದಿಂದ ಸುತ್ತುವ ಕ್ರ್ಯಾಂಕ್‌ಶಾಫ್ಟ್ ತನ್ನ ಬೇರಿಂಗಿನ ಮೇಲೆ ನೇರವಾಗಿ ಉಜ್ಜುತ್ತಾ ತಿರುಗುವುದಿಲ್ಲ. ಎಂಜಿನ್ ಓಡುತ್ತಿರುವಾಗ ಅವೆರಡರ ನಡುವೆ ಕೆಲವೇ ಮೈಕ್ರಾನ್ ದಪ್ಪದ ಆಯಿಲ್ ಪೊರೆ ಇರುತ್ತದೆ, ಶಾಫ್ಟು ಆ ಪೊರೆಯ ಮೇಲೆ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಆ ಪೊರೆ ಎಷ್ಟು ತೆಳುವೆಂದು ಊಹಿಸಬಹುದು. ಸಿಲಿಂಡರಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಇರುವ ಎಂಜಿನ್ನಿನಲ್ಲಿ ಟರ್ಬೊದ ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ, ಅದನ್ನು ಕಾಯುವುದೂ ಇಂಥದೇ ಪೊರೆ. ಇದರ ಜೊತೆಗೆ ಆಯಿಲ್ ಪಿಸ್ಟನ್ನಿನ ಅಡಿಯ ಬಿಸಿಯನ್ನು ಹೊತ್ತು ತರಬೇಕು, ರಿಂಗಿಗೂ ಸಿಲಿಂಡರಿಗೂ ನಡುವಿನ ಸಂದನ್ನು ಮುಚ್ಚಬೇಕು, ಉರಿದ ಡೀಸೆಲಿನ ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳಬೇಕು, ಹುಟ್ಟುವ ಆಮ್ಲವನ್ನು ಅಡಗಿಸಬೇಕು. ಬರಿಯ ಎಣ್ಣೆಗೆ ಇಷ್ಟೆಲ್ಲ ಸಾಧ್ಯವಿಲ್ಲದ ಕಾರಣ ಅದಕ್ಕೆ ಹಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಅವುಗಳಲ್ಲಿ ಒಂದು, ಮಸಿಯ ಕಣಗಳನ್ನು ಒಂದಕ್ಕೊಂದು ಅಂಟದಂತೆ ಬಿಡಿಬಿಡಿಯಾಗಿ ತೇಲಿಸಿಡುತ್ತದೆ, ಇನ್ನೊಂದು ಲೋಹದ ಮೈಗೆ ಕವಚದಂತೆ ಕೂರುತ್ತದೆ, ಮತ್ತೊಂದು ಕ್ಷಾರವಾಗಿದ್ದು ಆಮ್ಲದ ಜೊತೆ ಸೇರಿ ತಾನೇ ಕರಗಿಹೋಗುತ್ತದೆ. ಆಯಿಲ್ ಹಳತಾಯಿತು ಎಂದರೆ ಮುಖ್ಯವಾಗಿ ಈ ಬೆರಕೆಗಳು ಖರ್ಚಾಗಿ ಹೋದವು ಎಂದರ್ಥ. ಮೂಲ ಎಣ್ಣೆಯೂ ಬಿಸಿಗೆ ಗಾಳಿಯೊಡನೆ ಸೇರಿ ಕೆಡುತ್ತದೆ, ಉಷ್ಣತೆ ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಆ ಕೆಡುಕಿನ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದವರ ಅಂದಾಜು ಸೂತ್ರ.

ಮಸಿಯನ್ನು ತೇಲಿಸಿಡುವ ಶಕ್ತಿ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನು ನಾನು ಒಂದು ತಾಲೂಕು ಕೇಂದ್ರದ ಗ್ಯಾರೇಜಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಆಯಿಲ್ ಕಡಿಮೆಯಾದಾಗಲೆಲ್ಲ ಅರ್ಧ ಲೀಟರ್ ಸುರಿದುಕೊಂಡು, ಪೂರ್ತಿ ಬದಲಿಸದೆಯೇ ಬಹುಕಾಲ ಓಡಿಸಿದ್ದ ಪಿಕಪ್ ಅದು. ಮೇಸ್ತ್ರಿ ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರ್ ಬಿಚ್ಚಿ ಮಗುಚಿದಾಗ ಅದರ ತಳದಲ್ಲಿ ಹರಿಯುವ ಎಣ್ಣೆಯ ಬದಲು ಕಾಡಿಗೆಯಂಥ ಗಟ್ಟಿ ಪದಾರ್ಥ ಬೆರಳುದ್ದ ಕೂತಿತ್ತು. ಆಯಿಲ್ ಹೀರುವ ಕೊಳವೆಯ ಬಾಯಿಗಿದ್ದ ಜಾಲರಿಯ ಮುಕ್ಕಾಲು ಭಾಗ ಅದರಿಂದಲೇ ಮುಚ್ಚಿಹೋಗಿತ್ತು. ಆತ ಒಂದು ಬೇರಿಂಗಿನ ಅರೆಯನ್ನು ಒರೆಸಿ ನನ್ನ ಅಂಗೈಗಿಟ್ಟರು. ಬೆಳ್ಳಗೆ ನಯವಾಗಿರಬೇಕಾದ ಅದರ ಮೈಮೇಲೆ ತಾಮ್ರದ ಬಣ್ಣ ಎದ್ದು ಕಾಣುತ್ತಿತ್ತು, ಉಗುರಿನಿಂದ ಸವರಿದರೆ ಗೀರುಗಳು ತಾಗುತ್ತಿದ್ದವು. ಆ ಮಾಲೀಕರು ಆಯಿಲ್ ಹಾಕಿಯೇ ಇರಲಿಲ್ಲ ಎಂದಲ್ಲ, ಹಾಕುತ್ತಲೇ ಇದ್ದರು. ಆದರೆ ಮೇಲಿನಿಂದ ಸುರಿದ ಹೊಸ ಆಯಿಲ್ ಒಳಗಿನ ಹಳೆಯ ಮಸಿಯನ್ನು ಹೊರಗೆ ತರುವುದಿಲ್ಲ.

ಇನ್ನು ಐದು ಸಾವಿರದ ಮಾತು. ಅದನ್ನು ಹೇಳುವ ಮೇಸ್ತ್ರಿಗಳು ಸುಳ್ಳು ಹೇಳುತ್ತಿಲ್ಲ, ಅವರು ಕಲಿತ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಡೀಸೆಲಿನಲ್ಲಿರುವ ಗಂಧಕ ಉರಿದಾಗ ಆಮ್ಲ ಹುಟ್ಟುತ್ತದೆ, ಆಯಿಲಿನಲ್ಲಿರುವ ಕ್ಷಾರವನ್ನು ತಿಂದುಹಾಕುವುದು ಆ ಆಮ್ಲವೇ. ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ (ಬಿಎಸ್) ನಿಯಮಗಳಲ್ಲಿ, ಬಿಎಸ್ 3ರ ಡೀಸೆಲಿನಲ್ಲಿ ಹತ್ತು ಲಕ್ಷ ಪಾಲಿಗೆ 350 ಪಾಲಿನವರೆಗೆ ಗಂಧಕವಿರಬಹುದಿತ್ತು. 2017ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಬಂದ ಬಿಎಸ್ 4 ಅದನ್ನು 50ಕ್ಕೆ ಇಳಿಸಿತು, 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್ 6 ಅದನ್ನು 10ಕ್ಕೆ ತಂದಿತು. ಹಳೆಯ ಪಿಕಪ್ ಇಟ್ಟುಕೊಂಡವರೂ ಇಂದು ಬಂಕಿನಲ್ಲಿ ಹಾಕಿಸುವುದು ಈ ಶುದ್ಧ ಡೀಸೆಲನ್ನೇ. ಆಯಿಲ್ ಕೂಡ ಸುಧಾರಿಸಿದೆ. ಹೀಗಾಗಿ ಹೆದ್ದಾರಿಯಲ್ಲಿ ಹಗುರ ಹೊರೆಯೊಂದಿಗೆ ಓಡುವ ಗಾಡಿಗೆ ಕೈಪಿಡಿ ಹತ್ತು ಸಾವಿರ ಎಂದಿರುವಾಗ ಐದು ಸಾವಿರಕ್ಕೇ ಆಯಿಲ್ ಇಳಿಸುವುದು, ಇನ್ನೂ ಅರ್ಧ ಆಯುಷ್ಯವಿರುವ ಎಣ್ಣೆಯನ್ನು ಚೆಲ್ಲಿದಂತೆ. ಆರು ಲೀಟರ್ ಹಿಡಿಯುವ ಎಂಜಿನ್ನು, ಲೀಟರಿಗೆ 400 ರೂಪಾಯಿ ಎಂದಿಟ್ಟುಕೊಂಡರೂ ಪ್ರತಿ ಸಲ 2,400 ರೂಪಾಯಿ, ಫಿಲ್ಟರು ಮತ್ತು ಕೂಲಿ ಬೇರೆ. ಬಾಡಿಗೆಗೆ ಓಡಿಸುವವರಿಗೆ ಇದು ಸಣ್ಣ ಮೊತ್ತವಲ್ಲ.

ಅಳೆಯಲು ಕಿಲೋಮೀಟರಿಗಿಂತ ಒಳ್ಳೆಯ ಮಾಪನ ಬೇಕೆಂದರೆ, ಅದು ಎಂಜಿನ್ ಉರಿಸಿದ ಡೀಸೆಲ್ ಎಂಬುದು ನನ್ನ ಅಭಿಪ್ರಾಯ. ಮಸಿ ಬರುವುದು ಡೀಸೆಲಿನಿಂದ, ಆಮ್ಲ ಬರುವುದು ಡೀಸೆಲಿನಿಂದ, ಬಿಸಿ ಬರುವುದೂ ಡೀಸೆಲಿನಿಂದಲೇ. ಚಕ್ರ ಎಷ್ಟು ಉರುಳಿತು ಎಂಬುದು ಆಯಿಲಿಗೆ ಗೊತ್ತಾಗುವುದಿಲ್ಲ, ತನ್ನ ಪಕ್ಕದಲ್ಲಿ ಎಷ್ಟು ಉರಿಯಿತು ಎಂಬುದು ಗೊತ್ತಾಗುತ್ತದೆ. ದೊಡ್ಡ ಡೀಸೆಲ್ ಎಂಜಿನ್ ತಯಾರಿಸುವ ಕಮ್ಮಿನ್ಸ್, ಕ್ಯಾಟರ್‌ಪಿಲ್ಲರ್‌ನಂಥ ಕಂಪನಿಗಳು ಆಯಿಲ್ ಬದಲಿಸುವ ಅವಧಿಯನ್ನು ನಿಗದಿ ಮಾಡುವಾಗ ಇಂಧನದ ಬಳಕೆಯನ್ನು ಪರಿಗಣಿಸುವುದು ಹೊಸತೇನಲ್ಲ. ನಮ್ಮ ರೈತರಿಗೂ ಇದರ ಹತ್ತಿರದ ಲೆಕ್ಕ ಗೊತ್ತಿದೆ. ಟ್ರ್ಯಾಕ್ಟರಿಗೆ ಆಯಿಲ್ ಹಾಕಿಸುವುದನ್ನು ಯಾರೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ, ಗಂಟೆಯಲ್ಲಿ ಹೇಳುತ್ತಾರೆ, ಅನೇಕ ಟ್ರ್ಯಾಕ್ಟರುಗಳಿಗೆ ಅದು 250 ಗಂಟೆ. ಅದೇ 250 ಗಂಟೆಯನ್ನು ಪಿಕಪ್ಪಿಗೆ ಅನ್ವಯಿಸಿ ನೋಡಿದರೆ, ಸರಾಸರಿ 40 ಕಿ.ಮೀ. ವೇಗದ ಹೆದ್ದಾರಿ ಗಾಡಿ ಅಷ್ಟರಲ್ಲಿ 10,000 ಕಿ.ಮೀ. ಮುಗಿಸಿರುತ್ತದೆ. ಸಂತೆ, ಸಾಲು, ಹಳ್ಳಿ ರಸ್ತೆ ಸೇರಿ ಸರಾಸರಿ 22 ಕಿ.ಮೀ. ವೇಗದಲ್ಲಿ ದುಡಿಯುವ ಗಾಡಿ ಮುಗಿಸಿರುವುದು 5,500 ಮಾತ್ರ.

ಪಿಕಪ್‌ಗಳಲ್ಲಿ ಗಂಟೆಯ ಮೀಟರ್ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಡೀಸೆಲ್ ಹಾಕಿಸಿದ ಚೀಟಿ ಎಲ್ಲರ ಬಳಿಯೂ ಇರುತ್ತದೆ. ಲೆಕ್ಕ ಹೀಗೆ. ನಿಮ್ಮ ಗಾಡಿಯ ಕೈಪಿಡಿ 10,000 ಕಿ.ಮೀ. ಎನ್ನುತ್ತದೆ ಎಂದುಕೊಳ್ಳೋಣ. ಮಿತವಾದ ಹೊರೆಯಲ್ಲಿ ಒಳ್ಳೆಯ ರಸ್ತೆಯ ಮೇಲೆ ಆ ಗಾಡಿ ಲೀಟರಿಗೆ 14 ಕಿ.ಮೀ. ಕೊಡುತ್ತಿದ್ದರೆ, ಅಷ್ಟು ದೂರಕ್ಕೆ ಅದು ಉರಿಸುವುದು ಸುಮಾರು 714 ಲೀಟರ್. ಇದನ್ನು ಆ ಆಯಿಲಿನ ಒಟ್ಟು ಬಂಡವಾಳ ಎಂದು ಭಾವಿಸಿ. ಈಗ ಅದೇ ಗಾಡಿ ನಿಜವಾದ ದುಡಿಮೆಯಲ್ಲಿ ಲೀಟರಿಗೆ 9 ಕಿ.ಮೀ. ಮಾತ್ರ ಕೊಡುತ್ತಿದೆ ಎಂದಾದರೆ, 714 ಲೀಟರ್ ಮುಗಿಯುವುದು 6,400 ಕಿ.ಮೀ. ಆಸುಪಾಸಿನಲ್ಲಿ. ಹಾಗಾಗಿ ಆ ಮಾಲೀಕರು ಆಯಿಲ್ ಬದಲಿಸಬೇಕಾದದ್ದು ಅಲ್ಲಿ. ಈ ಲೆಕ್ಕದ ದೊಡ್ಡ ಅನುಕೂಲವೆಂದರೆ, ಅತಿಭಾರಕ್ಕೆ ಇಷ್ಟು, ಘಟ್ಟಕ್ಕೆ ಇಷ್ಟು, ನಿಂತಲ್ಲೇ ಓಡಿದ್ದಕ್ಕೆ ಇಷ್ಟು ಎಂದು ಬಿಡಿಬಿಡಿಯಾಗಿ ಕಳೆಯಬೇಕಾಗಿಲ್ಲ. 1,500 ಕೆ.ಜಿ. ಹೊರುವ ಗಾಡಿಯ ಮೇಲೆ ಎರಡೂವರೆ ಟನ್ ಹೇರಿದರೆ, ಶಿರಾಡಿ ಘಾಟಿಯನ್ನು ಎರಡನೇ ಗೇರಿನಲ್ಲಿ ಹತ್ತಿದರೆ, ಮಾರುಕಟ್ಟೆಯ ಸಾಲಿನಲ್ಲಿ ಗಂಟೆಗಟ್ಟಲೆ ನಿಂತರೆ, ಅದೆಲ್ಲವೂ ಡೀಸೆಲಿನ ಚೀಟಿಯಲ್ಲಿ ತಾನಾಗಿಯೇ ಬರೆದುಕೊಂಡಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಪುಸ್ತಕವಿಟ್ಟು, ಹಾಕಿಸಿದ ಲೀಟರುಗಳನ್ನು ಕೂಡುತ್ತಾ ಹೋದರೆ ಸಾಕು. ಒಂದು ಎಚ್ಚರ: ಈ ಲೆಕ್ಕ ಕೈಪಿಡಿಯ ಅವಧಿಯನ್ನು ಕಡಿಮೆ ಮಾಡಿಕೊಳ್ಳಲು ಮಾತ್ರ. ಗಾಡಿ ಲೀಟರಿಗೆ 16 ಕೊಡುತ್ತದೆಂದು ಹತ್ತು ಸಾವಿರವನ್ನು ಹನ್ನೊಂದಕ್ಕೆ ಎಳೆಯಬಾರದು, ವಾರಂಟಿ ಇರುವ ಗಾಡಿಯಲ್ಲಂತೂ ಎಳೆಯಲೇಬಾರದು.

ಡೀಸೆಲಿನ ಲೆಕ್ಕಕ್ಕೆ ಸಿಗದ ಸಂಗತಿಗಳೂ ಇವೆ, ಅವುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಧೂಳು. ಕಲ್ಲು ಕ್ವಾರಿ, ಎಂ-ಸ್ಯಾಂಡ್ ಘಟಕ, ಇಟ್ಟಿಗೆ ಗೂಡು, ಕಾಮಗಾರಿ ನಡೆಯುತ್ತಿರುವ ರಸ್ತೆ, ಇಂಥ ಕಡೆ ಓಡುವ ಗಾಡಿಯ ಎಂಜಿನ್ನಿಗೆ ಗಾಳಿಯ ಜೊತೆ ಕಲ್ಲಿನ ಪುಡಿ ಹೋಗುತ್ತದೆ. ಅದು ಲೋಹಕ್ಕಿಂತ ಗಟ್ಟಿ. ಕೆಲವೇ ಮೈಕ್ರಾನಿನ ಆಯಿಲ್ ಪೊರೆಯೊಳಗೆ ಹತ್ತು ಮೈಕ್ರಾನಿನ ಒಂದು ಕಣ ಸಿಕ್ಕಿಕೊಂಡರೆ ಅದು ಎರಡೂ ಕಡೆಯ ಲೋಹವನ್ನು ಗೀರುತ್ತದೆ. ಇದಕ್ಕೆ ಆಯಿಲ್ ಬೇಗ ಬದಲಿಸುವುದು ಅರ್ಧ ಪರಿಹಾರ ಮಾತ್ರ, ಉಳಿದರ್ಧ ಏರ್ ಫಿಲ್ಟರಿನಲ್ಲಿದೆ. ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ ಸಡಿಲವಾಗಿದ್ದರೆ ಎಷ್ಟು ದುಬಾರಿ ಆಯಿಲ್ ಹಾಕಿದರೂ ಆ ಎಂಜಿನ್ ಉಳಿಯುವುದಿಲ್ಲ. ಕಾಗದದ ಫಿಲ್ಟರನ್ನು ನೆಲಕ್ಕೆ ಬಡಿದು ಕೊಡವುವುದು, ಕಂಪ್ರೆಸರಿನ ಗಾಳಿಯನ್ನು ಹತ್ತಿರದಿಂದ ಜೋರಾಗಿ ಬಿಡುವುದು, ಇವೆರಡೂ ಅದನ್ನು ಹರಿಯುತ್ತವೆ. ಧೂಳಿನಲ್ಲೇ ದುಡಿಯುವ ಗಾಡಿಗೆ ಡೀಸೆಲಿನ ಲೆಕ್ಕದಲ್ಲಿ ಬಂದ ಅಂಕಿಯಿಂದ ಇನ್ನೂ ಕಾಲುಭಾಗ ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು ಎಂದು ನಾನು ಹೇಳುತ್ತೇನೆ.

ಎರಡನೆಯದು ಸಣ್ಣ ಓಡಾಟ. ಡೀಸೆಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ರಿಂಗುಗಳನ್ನು ದಾಟಿ ಚೇಂಬರಿಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಓಡಿದರೆ ಆ ನೀರು ಆವಿಯಾಗಿ ಹೊರಟುಹೋಗುತ್ತದೆ. ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ ಎಂದು ಎರಡು ಮೂರು ಕಿಲೋಮೀಟರ್ ಓಡಿ ಆರಿಸುವ ಗಾಡಿಯಲ್ಲಿ ಅದು ಅಲ್ಲೇ ಉಳಿದು ಆಮ್ಲಕ್ಕೆ ನೆರವಾಗುತ್ತದೆ. ಇಂಥ ಗಾಡಿ ವರ್ಷಕ್ಕೆ ಮೂರು ಸಾವಿರ ಕಿ.ಮೀ. ಓಡಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು. ತೋಟದ ಮನೆಯಲ್ಲಿ ನಿಂತೇ ಇರುವ ಗಾಡಿಗೂ ಇದೇ ಮಾತು.

ಬಿಎಸ್ 6 ಗಾಡಿಗಳಲ್ಲಿ ಮೂರನೆಯ ಸಂಗತಿಯೊಂದು ಸೇರಿಕೊಂಡಿದೆ. ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಜರಡಿ ಇರುವ ಗಾಡಿಗಳಲ್ಲಿ, ಆ ಜರಡಿ ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲನ್ನು ತಡವಾಗಿ ಚಿಮ್ಮಿಸಿ ಬಿಸಿ ಹೆಚ್ಚಿಸಿಕೊಂಡು ಮಸಿಯನ್ನು ಸುಟ್ಟುಹಾಕುತ್ತದೆ. ಹಾಗೆ ಚಿಮ್ಮಿಸಿದ ಡೀಸೆಲಿನಲ್ಲಿ ಸ್ವಲ್ಪ ಸಿಲಿಂಡರಿನ ಗೋಡೆಯ ಮೂಲಕ ಇಳಿದು ಆಯಿಲಿಗೆ ಸೇರುವುದುಂಟು. ಸುಡುವ ಕೆಲಸ ನಡೆಯುತ್ತಿರುವಾಗಲೇ ಪದೇ ಪದೇ ಎಂಜಿನ್ ಆರಿಸಿದರೆ ಅದು ಪೂರ್ತಿಯಾಗದೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಆಯಿಲಿಗೆ ಸೇರುವ ಡೀಸೆಲೂ ಹೆಚ್ಚುತ್ತದೆ, ಆಯಿಲ್ ತೆಳ್ಳಗಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಅದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳಬೇಡಿ. ಆಯಿಲ್ ತಾನಾಗಿ ಬೆಳೆಯುವುದಿಲ್ಲ, ಏರಿದೆ ಎಂದರೆ ಡೀಸೆಲೋ ನೀರೋ ಸೇರಿದೆ ಎಂದೇ ಅರ್ಥ. ಆಗ ಕಿಲೋಮೀಟರು, ಲೀಟರು ಯಾವುದನ್ನೂ ನೋಡದೆ ಕಾರಣ ಹುಡುಕಿಸಿ ಆಯಿಲ್ ಬದಲಿಸಬೇಕು.

ಬಣ್ಣದ ಬಗ್ಗೆ ಒಂದು ತಪ್ಪು ನಂಬಿಕೆ ಬಹಳ ಕಡೆ ಇದೆ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವು ನೂರು ಕಿಲೋಮೀಟರಿನೊಳಗೇ ಕಪ್ಪಾಗುತ್ತದೆ. ಅದು ಮಸಿಯನ್ನು ಹಿಡಿದಿಟ್ಟುಕೊಳ್ಳುವ ತನ್ನ ಕೆಲಸವನ್ನು ಮಾಡುತ್ತಿದೆ ಎಂಬುದರ ಗುರುತು ಅಷ್ಟೆ. ಕಪ್ಪಾಯಿತೆಂದು ಬದಲಿಸಲು ಹೊರಟರೆ ವಾರಕ್ಕೊಮ್ಮೆ ಬದಲಿಸಬೇಕಾದೀತು. ಆದರೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದರೆ ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ಒಳಗೆ ಸೇರಿರಬಹುದು, ಹೆಡ್ ಗ್ಯಾಸ್ಕೆಟ್ ನೋಡಿಸದೆ ಗಾಡಿ ಓಡಿಸಬೇಡಿ. ಬಣ್ಣಕ್ಕಿಂತ ಹೆಚ್ಚು ಹೇಳುವ ಒಂದು ಸರಳ ಪರೀಕ್ಷೆಯಿದೆ. ಗಾಡಿ ಓಡಿ ಬಂದು ಎಂಜಿನ್ ಬಿಸಿಯಿರುವಾಗ ಡಿಪ್‌ಸ್ಟಿಕ್ಕಿನ ತುದಿಯಿಂದ ಒಂದು ಹನಿಯನ್ನು ಬ್ಲಾಟಿಂಗ್ ಕಾಗದದ ಮೇಲೋ, ಕಾಫಿ ಸೋಸುವ ಬಿಳಿ ಕಾಗದದ ಮೇಲೋ ಬೀಳಿಸಿ. ಕಾಗದವನ್ನು ಮೇಜಿಗೆ ತಾಗದಂತೆ ಒಂದು ಲೋಟದ ಬಾಯಿಯ ಮೇಲಿಟ್ಟು ರಾತ್ರಿ ಬಿಡಿ. ಬೆಳಗ್ಗೆ ನೋಡಿದಾಗ ಮಸಿ ನಡುವಿನಿಂದ ಅಂಚಿನವರೆಗೆ ಬೂದು ಬಣ್ಣದಲ್ಲಿ ಸಮನಾಗಿ ಹರಡಿದ್ದರೆ ಆ ಆಯಿಲಿಗೆ ಮಸಿಯನ್ನು ತೇಲಿಸುವ ಶಕ್ತಿ ಇನ್ನೂ ಇದೆ. ನಡುವೆ ಕಡುಕಪ್ಪು ಚುಕ್ಕೆ ಗಟ್ಟಿಯಾಗಿ ಕೂತು, ಅದರ ಸುತ್ತ ಎದ್ದು ಕಾಣುವ ಅಂಚಿದ್ದು, ಆಚೆಗೆ ಬರಿಯ ಎಣ್ಣೆಯ ತಿಳಿ ವರ್ತುಲ ಮಾತ್ರ ಹಬ್ಬಿದ್ದರೆ ಆ ಶಕ್ತಿ ಮುಗಿಯಿತು. ಪ್ರಯೋಗಾಲಯದ ಪರೀಕ್ಷೆಯಷ್ಟು ನಿಖರವಲ್ಲದಿದ್ದರೂ ಪ್ರತಿ ಸಾವಿರ ಕಿ.ಮೀ.ಗೆ ಒಂದರಂತೆ ಹನಿಗಳನ್ನು ಒಂದೇ ಹಾಳೆಯಲ್ಲಿ ದಿನಾಂಕ ಹಾಕಿ ಸಾಲಾಗಿ ಇಟ್ಟರೆ, ನಿಮ್ಮ ಗಾಡಿಯಲ್ಲಿ ಆಯಿಲ್ ಎಲ್ಲಿ ಸೋಲುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಯಾವ ಆಯಿಲ್ ಎಂಬ ಪ್ರಶ್ನೆಯನ್ನು ಕೈಪಿಡಿಗೆ ಬಿಡುವುದು ಕ್ಷೇಮ. ಡಬ್ಬದ ಮೇಲಿನ 15ಡಬ್ಲ್ಯೂ-40, 5ಡಬ್ಲ್ಯೂ-30 ಎಂಬುವು ಮಂದತನದ ಗುರುತು, ಮೊದಲ ಅಂಕಿ ಚಳಿಯಲ್ಲಿ ಹರಿಯುವ ಗುಣಕ್ಕೆ, ಎರಡನೆಯದು ಬಿಸಿಯಲ್ಲಿ ಉಳಿಯುವ ದಪ್ಪಕ್ಕೆ. ಸಿಐ-4 ಪ್ಲಸ್, ಸಿಕೆ-4 ಮುಂತಾದವು ಅದರ ಗುಣಮಟ್ಟದ ದರ್ಜೆ. ಡಿಪಿಎಫ್ ಇರುವ ಗಾಡಿಗೆ ಕಡಿಮೆ ಬೂದಿ ಬಿಡುವ ಆಯಿಲೇ ಬೇಕು, ಏಕೆಂದರೆ ಮಸಿಯನ್ನು ಸುಡಬಹುದು, ಆಯಿಲಿನ ಬೂದಿಯನ್ನು ಸುಡಲಾಗದು, ಅದು ಜರಡಿಯಲ್ಲೇ ಉಳಿದು ತೂತುಗಳನ್ನು ಮುಚ್ಚುತ್ತದೆ. ಸಿಂಥೆಟಿಕ್ ಆಯಿಲ್ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ ಎಂಬುದು ನಿಜ. ಆದರೆ ಧೂಳು, ಮಸಿ, ಸೇರಿಕೊಂಡ ಡೀಸೆಲು, ಇವು ಯಾವ ಆಯಿಲನ್ನೂ ಬಿಡುವುದಿಲ್ಲವಾದ್ದರಿಂದ ಸಿಂಥೆಟಿಕ್ ಹಾಕಿದೆ ಎಂಬ ಒಂದೇ ಕಾರಣಕ್ಕೆ ಅವಧಿಯನ್ನು ಇಮ್ಮಡಿ ಮಾಡಬಾರದು.

ಬದಲಿಸುವಾಗ ಆಯಿಲ್ ಫಿಲ್ಟರನ್ನೂ ಪ್ರತಿ ಸಲ ಬದಲಿಸಿ. ಫಿಲ್ಟರ್ ಕಟ್ಟಿಕೊಂಡಾಗ ಎಂಜಿನ್ನಿಗೆ ಆಯಿಲ್ ನಿಂತುಹೋಗದಿರಲೆಂದು ಒಂದು ಬೈಪಾಸ್ ವಾಲ್ವ್ ಇಟ್ಟಿರುತ್ತಾರೆ, ಅದು ತೆರೆದ ಮೇಲೆ ಸೋಸದ ಆಯಿಲೇ ಬೇರಿಂಗುಗಳಿಗೆ ಹೋಗುತ್ತದೆ. ಹಳೆಯ ಆಯಿಲನ್ನು ಎಂಜಿನ್ ಬಿಸಿಯಿರುವಾಗ, ಗಾಡಿ ಸಮತಟ್ಟಾದ ನೆಲದಲ್ಲಿರುವಾಗ ಇಳಿಸಿ, ಧಾರೆ ನಿಂತು ಹನಿಯಾಗುವವರೆಗೆ ಕಾಯಿರಿ. ಹೊಸದನ್ನು ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ದಾಟುವಂತೆ ತುಂಬಿಸಬೇಡಿ, ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಕಡೆದು ನೊರೆ ಮಾಡುತ್ತದೆ, ನೊರೆಯಿಂದ ಪೊರೆ ನಿಲ್ಲುವುದಿಲ್ಲ. ಎಂಜಿನ್ ಒಂದು ನಿಮಿಷ ಓಡಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರೆ ಮಟ್ಟ ಒಂದಿಷ್ಟು ಇಳಿದಿರುತ್ತದೆ, ಹೊಸ ಫಿಲ್ಟರ್ ತನ್ನ ಪಾಲನ್ನು ತುಂಬಿಕೊಂಡಿರುತ್ತದೆ. ಆ ಕೊರತೆಯನ್ನು ತುಂಬಿ, ಖಾಲಿ ಡಬ್ಬಕ್ಕೆ ಅಲ್ಲೇ ತೂತು ಹೊಡೆಯಿರಿ, ನಕಲಿ ಆಯಿಲ್ ತುಂಬಿ ಮಾರುವವರಿಗೆ ಅಸಲಿ ಡಬ್ಬವೇ ಬೇಕಾಗಿರುತ್ತದೆ.

ಇಳಿಸಿದ ಹಳೆಯ ಆಯಿಲನ್ನು ಗೆದ್ದಲು ಬರದಿರಲೆಂದು ಬೇಲಿ ಕಂಬಕ್ಕೂ ದನದ ಕೊಟ್ಟಿಗೆಯ ತೊಲೆಗೂ ಬಳಿಯುವುದು ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದಲೂ ಇದೆ. ಬಳಸಿದ ಆಯಿಲಿನಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ಪದಾರ್ಥಗಳೂ ಸವೆದ ಲೋಹವೂ ಸೇರಿರುತ್ತವೆ, ಮಳೆಗೆ ತೊಳೆದು ಅವು ಮಣ್ಣಿಗೂ ಬಾವಿಗೂ ಇಳಿಯುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಇದು ಅಪಾಯಕಾರಿ ತ್ಯಾಜ್ಯವೇ ಆಗಿದೆ. ಅಧಿಕೃತವಾಗಿ ಸಂಗ್ರಹಿಸುವವರಿಗೆ ಒಪ್ಪಿಸುವ ಸರ್ವಿಸ್ ಕೇಂದ್ರದಲ್ಲೇ ಆಯಿಲ್ ಬದಲಿಸಿಕೊಂಡು ಹಳೆಯದನ್ನು ಅಲ್ಲೇ ಬಿಟ್ಟು ಬನ್ನಿ. ಮನೆಯಲ್ಲೇ ಬದಲಿಸುವವರು ಅದನ್ನು ನೀರು ಸೇರದಂತೆ ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಟ್ಟು, ಮುಂದಿನ ಸಲ ಪೇಟೆಗೆ ಹೋದಾಗ ಅಲ್ಲಿಗೆ ತಲುಪಿಸಿ. ಹೊರಡುವ ಮುನ್ನ ಡ್ಯಾಶ್‌ಬೋರ್ಡಿನ ಪುಸ್ತಕದಲ್ಲಿ ಹೊಸ ಪುಟ ತೆಗೆದು ದಿನಾಂಕ, ಮೀಟರಿನ ಅಂಕಿ, ಹಾಕಿದ ಆಯಿಲಿನ ದರ್ಜೆ ಬರೆದು, ಡೀಸೆಲಿನ ಲೆಕ್ಕವನ್ನು ಸೊನ್ನೆಯಿಂದ ಆರಂಭಿಸಿ.